ಪದಚರ್ಚೆ: ಬಿಸಿನೀರು ತಣ್ಣೀರು ಕೂಡಿಸುವ ನಲ್ಲಿ, ಅದರ ಹಿಡಿ, ಅದರ ಹದ

ಎಲ್ಲರಿಗೂ ಹೊಸೂರಿನಿಂದ ನಮಸ್ಕಾರ.

ಹಿತ್ತಾಳೆ ನಲ್ಲಿಗಳ ನಕ್ಷೆ ಬರೆಯುವುದು ನನ್ನ ಕೆಲಸ. ಈಗ ಮೇಜಿನ ಮೇಲಿರುವುದು ಬಚ್ಚಲ ಗೋಡೆಗೆ ಕೂರಿಸುವ, ಒಂದೇ ಹಿಡಿಯ ಮಿಕ್ಸರ್. ಡಬ್ಬಿಯೊಳಗೆ ಒಂದು ಮಡಿಸಿದ ಹಾಳೆ ಇಡಬೇಕು, ಅದರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇರಬೇಕು. ತಳಿ, ಡೆಂಕಣಿಕೋಟೆ, ಕೆಲಮಂಗಲದ ಮನೆಗಳಿಗೂ ಹೋಗುವ ಸರಕು, ಗಡಿ ದಾಟಿ ಆನೇಕಲ್, ಮಾಲೂರಿಗೂ ಹೋಗುವ ಸರಕು. ಕನ್ನಡದ ಪಾಲು ನನ್ನ ತಲೆಗೆ ಕಟ್ಟಿದ್ದಾರೆ. ಭಾಗಗಳ ಹೆಸರು ಹೇಗೋ ಆಗಿಹೋಯಿತು, ಕ್ರಿಯಾಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಬ್ ಕಾಕ್, ಪಿಲ್ಲರ್ ಕಾಕ್, ಆಂಗಲ್ ಕಾಕ್, ವಾಲ್ ಮಿಕ್ಸರ್ ಎಂದರೆ ಹುಡುಗ ಕಣ್ಣುಮುಚ್ಚಿ ತಂದುಕೊಡುತ್ತಾನೆ. ಭಾರತೀಯ ಮಾನಕ ಐಎಸ್ 8931 ಇದನ್ನು ‘ಕಾಂಬಿನೇಷನ್ ಟ್ಯಾಪ್ ಅಸೆಂಬ್ಲಿ’ ಎನ್ನುತ್ತದೆ, ಆ ಹೆಸರನ್ನು ಕೌಂಟರಿನ ಮುಂದೆ ನಿಂತು ಯಾರೂ ಹೇಳಿದ್ದು ನಾನು ಕೇಳಿಲ್ಲ. ‘ಮಿಶ್ರಕ’ ಎಂದರೆ ರಸಗೊಬ್ಬರದ ವಾಸನೆ ಬರುತ್ತದೆ. ‘ಸಮ್ಮಿಶ್ರ ನಲ್ಲಿ’ ಎಂದರೆ ಯಾವಾಗ ಬೀಳುತ್ತದೋ ಎಂಬ ಅನುಮಾನ. ‘ಬೆರಕೆ ನಲ್ಲಿ’ ಚೆನ್ನಾಗಿತ್ತು, ಬೆರಕೆ ಸೊಪ್ಪಿನ ಸಾರು ಉಂಡು ಬೆಳೆದವರಿಗೆ ಆ ಮಾತಿನಲ್ಲಿ ಕೆಟ್ಟದ್ದೇನೂ ಕಾಣದು. ಆದರೆ ಕಲಬೆರಕೆಯ ನೆರಳು ಅದರ ಮೇಲೆ ಬಿದ್ದಿದೆ, ನೀರಿನ ಸಾಮಾನಿಗೆ ಆ ನೆರಳು ಬೇಡ. ಹಾಗಾಗಿ ಹಾಳೆಯಲ್ಲಿ ‘ಮಿಕ್ಸರ್ ನಲ್ಲಿ’ ಎಂದೇ ಬರೆದಿದ್ದೇನೆ. ಬರೀ ‘ಮಿಕ್ಸರ್’ ಎಂದರೆ ನಮ್ಮೂರಿನಲ್ಲಿ ಬೇಕರಿಯವನು ಖಾರ ಬೂಂದಿ ಕಡಲೆಬೀಜದ ಪೊಟ್ಟಣ ಕಟ್ಟಿಕೊಡುತ್ತಾನೆ, ಆದ್ದರಿಂದ ಬಾಲಕ್ಕೆ ನಲ್ಲಿ ಬೇಕೇ ಬೇಕು. ಕೊಳಾಯಿ ಎನ್ನುವವರು ಕೊಳಾಯಿ ಎನ್ನಲಿ, ನನ್ನದೇನೂ ಹಟವಿಲ್ಲ.

ಈಗ ಸಿಕ್ಕು ಎಲ್ಲಿದೆ ಎಂದು ಹೇಳುತ್ತೇನೆ.

ಮನೆಯಲ್ಲಿ ನಾವು ಆಡುವ ಮಾತು ‘ಜಾಸ್ತಿ ಮಾಡು’, ‘ಕಮ್ಮಿ ಮಾಡು’. ಎರಡು ತಿರುಪಿನ ಹಳೆಯ ಮಿಕ್ಸರಿಗೆ ಅದು ಸಾಕಾಗಿತ್ತು. ಕೆಂಪು ಬೊಟ್ಟಿನ ತಿರುಪನ್ನು ಬಿಟ್ಟರೆ ನೀರೂ ಹೆಚ್ಚುತ್ತದೆ, ಬಿಸಿಯೂ ಏರುತ್ತದೆ. ‘ಜಾಸ್ತಿ’ ಎಂದರೆ ನೀರೋ ಕಾವೋ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಎರಡೂ ಒಟ್ಟಿಗೇ ಬರುತ್ತಿದ್ದವು. ಒಂದೇ ಹಿಡಿಯ ನಲ್ಲಿ ಈ ಎರಡನ್ನೂ ಬೇರೆ ಮಾಡಿತು. ಎತ್ತಿದರೆ ನೀರಿನ ಪ್ರಮಾಣ ಮಾತ್ರ ಬದಲಾಗುತ್ತದೆ, ಪಕ್ಕಕ್ಕೆ ಸರಿಸಿದರೆ ಕಾವು ಮಾತ್ರ. ಬಚ್ಚಲಿನೊಳಗಿನಿಂದ ಅತ್ತೆ ‘ಸ್ವಲ್ಪ ಜಾಸ್ತಿ ಮಾಡಮ್ಮ’ ಎಂದರೆ ಸೊಸೆ ಹಿಡಿಯನ್ನು ಮೇಲೆತ್ತಬೇಕೋ ಎಡಕ್ಕೆ ತಳ್ಳಬೇಕೋ? ನಾವು ಮಾದರಿ ನಲ್ಲಿ ಕೂರಿಸಿ ಬಳಸಿ ನೋಡಲು ಕೊಟ್ಟ ಮನೆಗಳಲ್ಲಿ ಬಂದ ದೂರುಗಳಲ್ಲಿ ಹೆಚ್ಚಿನವು ಇಂಥವೇ. ಸಾಮಾನು ಸರಿಯಾಗಿತ್ತು. ಹಾಳೆಯಲ್ಲಿ ‘ಹಿಡಿಯನ್ನು ಬೇಕಾದಷ್ಟು ತಿರುಗಿಸಿ’ ಎಂದು ಅಚ್ಚಾಗಿತ್ತು. ಯಾವ ಕಡೆ, ಏನು ಬೇಕಾದಷ್ಟು ಎಂಬುದು ಓದುವವರ ಊಹೆಗೆ ಬಿಟ್ಟದ್ದು.

ಒಳಗೆ ಏನಾಗುತ್ತದೆ ಎಂದು ಕಂಡರೆ ಯಾವ ಕ್ರಿಯಾಪದ ಒಗ್ಗುತ್ತದೆ ಎಂಬುದೂ ಕಾಣುತ್ತದೆ. ಹಿಡಿಯ ಕೆಳಗೆ ಒಂದು ಕಾರ್ಟ್ರಿಡ್ಜ್ ಇರುತ್ತದೆ, ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಡ್ಡಳತೆಯದು. ಅದನ್ನು ಬಿಚ್ಚಿದರೆ ಎರಡು ಬಿಳಿ ಬಿಲ್ಲೆಗಳು ಸಿಗುತ್ತವೆ, ಅಲ್ಯುಮಿನಾ ಪಿಂಗಾಣಿಯವು. ಕೆಳಗಿನದು ಕದಲುವುದಿಲ್ಲ. ಅದರಲ್ಲಿ ಮೂರು ಕಿಂಡಿ: ಬಿಸಿ ಬರಲು ಒಂದು, ತಣ್ಣೀರು ಬರಲು ಒಂದು, ಕೂಡಿದ್ದು ಹೊರಗೆ ಹೋಗಲು ಒಂದು. ಮೇಲಿನ ಬಿಲ್ಲೆಯ ಅಡಿಮೈಯಲ್ಲಿ ಒಂದು ಗುಳಿ ಕೊರೆದಿರುತ್ತದೆ. ಹಿಡಿ ಎತ್ತಿದಾಗ ಮೇಲಿನ ಬಿಲ್ಲೆ ಜಾರಿ, ಗುಳಿ ಆ ಕಿಂಡಿಗಳ ಮೇಲೆ ಬಂದು ದಾರಿ ಬಿಡುತ್ತದೆ. ಎಷ್ಟು ಜಾರಿತೋ ಅಷ್ಟು ನೀರು. ಹಿಡಿಯನ್ನು ಪಕ್ಕಕ್ಕೆ ಸರಿಸಿದಾಗ ಬಿಲ್ಲೆ ತಿರುಗಿ, ಒಂದು ಕಿಂಡಿ ತೆರೆದಷ್ಟೂ ಇನ್ನೊಂದು ಮುಚ್ಚಿಕೊಳ್ಳುತ್ತದೆ, ಒಟ್ಟು ನೀರು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬಿಲ್ಲೆಗಳ ಮೈ ಎಷ್ಟು ನಯವೆಂದರೆ ಒದ್ದೆ ಮಾಡಿ ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಂಡುಬಿಡುತ್ತವೆ. ಎಳೆದರೆ ಬರುವುದಿಲ್ಲ, ಜಾರಿಸಿಯೇ ಬಿಡಿಸಬೇಕು. ಇಲ್ಲಿ ರಬ್ಬರ್ ವಾಷರನ್ನು ಸ್ಕ್ರೂ ಬಿಗಿದು ಒತ್ತುವ ಮಾತೇ ಇಲ್ಲ. ಆದರೂ ಹಳೆಯ ನಲ್ಲಿಯ ರೂಢಿಯಲ್ಲಿ ‘ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿ’ ಎಂದು ಬರೆದವರಿದ್ದಾರೆ. ಗಟ್ಟಿಯಾಗಿ ಒತ್ತಿದರೆ ಹಿಡಿ ಸಡಿಲವಾಗುತ್ತದೆ, ಇನ್ನೇನೂ ಲಾಭವಿಲ್ಲ.

ನೀರು ಬಿಡುವ ಕೆಲಸಕ್ಕೆ ನನಗೆ ‘ಎತ್ತು’ ಹಿಡಿಸಿದೆ. ಕೆರೆಯ ತೂಬನ್ನು ನಾವು ತೆರೆಯುವುದಿಲ್ಲ, ಎತ್ತುತ್ತೇವೆ. ‘ತೂಬು ಎತ್ತಿದರು’ ಎಂದರೆ ಗದ್ದೆಗೆ ನೀರು ಬಂತೆಂದೇ ಅರ್ಥ. ಕೆರೆಗಳ ನಾಡಿನವರಿಗೆ ಎತ್ತುವುದಕ್ಕೂ ನೀರು ಬರುವುದಕ್ಕೂ ನಂಟು ಹೇಳಿಕೊಡಬೇಕಾಗಿಲ್ಲ. ನಿಲ್ಲಿಸಲು ‘ಇಳಿಸು’. ಇನ್ನು ಪಕ್ಕದ ಚಲನೆಗೆ ‘ತಿರುಗಿಸು’ ಬೇಡ ಎಂದು ನನ್ನ ಮನಸ್ಸು, ಏಕೆಂದರೆ ‘ನಲ್ಲಿ ತಿರುಗಿಸು’ ಎಂದರೆ ನೀರು ಬಿಡು ಎಂಬ ಅರ್ಥ ಜನರ ಕೈಯಲ್ಲಿ ಕೂತುಬಿಟ್ಟಿದೆ. ‘ಸರಿಸು’ ಎಂದು ಬರೆದಿದ್ದೇನೆ. ‘ಎತ್ತಿದರೆ ನೀರು, ಎಡಕ್ಕೆ ಸರಿಸಿದರೆ ಬಿಸಿ.’ ‘ಹೊರಳಿಸು’, ‘ವಾಲಿಸು’ ಎಂಬ ಸಲಹೆಗಳೂ ಇಲ್ಲಿನ ಗೆಳೆಯರಿಂದ ಬಂದಿವೆ. ವಾಲಿಸು ಎಂದರೆ ಹಿಡಿ ಮುರಿದು ಜೋತಾಡುವ ಚಿತ್ರ ಕಣ್ಣಿಗೆ ಬರುತ್ತದೆ ನನಗೆ.

ಈ ಒಂದೇ ಹಿಡಿಯ ಉಪಾಯ ಹೊಳೆದದ್ದು ಸಿಯಾಟಲ್‌ನ ಆಲ್ ಮೊಯೆನ್ ಎಂಬಾತನಿಗೆ, 1937ರಲ್ಲಿ. ಎರಡು ತಿರುಪಿನ ನಲ್ಲಿಯಲ್ಲಿ ಕೈ ತೊಳೆಯಲು ಹೋಗಿ ಕೈ ಸುಟ್ಟುಕೊಂಡ, ನಮ್ಮ ನುಡಿಗಟ್ಟಿನ ಅರ್ಥದಲ್ಲಲ್ಲ, ನಿಜವಾಗಿಯೇ. ಆಗಿನ್ನೂ ವಿದ್ಯಾರ್ಥಿ, ರಾತ್ರಿ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ನಡುವೆ ಯುದ್ಧ ಬಂತು. ನಲ್ಲಿ ಮಾರಾಟಕ್ಕೆ ಬಂದದ್ದು 1947ರಲ್ಲಿ. ನಮ್ಮ ಕಡೆಯ ಬಚ್ಚಲುಗಳಲ್ಲಿ ಹಂಡೆ, ತಣ್ಣೀರ ತೊಟ್ಟಿ, ಚೊಂಬು ಇದ್ದ ಕಾಲದಲ್ಲಿ ಬೆರೆಸುವ ಕೆಲಸ ಪೂರಾ ಕೈಯದೇ ಆಗಿತ್ತು.

ಆ ಕೈಯ ಕೆಲಸಕ್ಕೆ ತಮಿಳಿನಲ್ಲಿ ಒಂದೇ ಮಾತಿದೆ: ವಿಳಾವು. ಬಿಸಿನೀರಿಗೆ ತಣ್ಣೀರು ಹೊಯ್ದು ಮೈಗೆ ಒಗ್ಗುವಂತೆ ಮಾಡುವುದು. ‘ವೆನ್ನೀರ್ ವಿಳಾವಿ ವೈ’ ಎಂದರೆ ಮುಗಿಯಿತು. ಹಾಳೆಯ ತಮಿಳು ಪಾಲು ಬರೆದವರು ಈ ಒಂದು ಪದದಲ್ಲಿ ಕೆಲಸ ಮುಗಿಸಿ ನನ್ನ ಮುಖ ನೋಡಿದರು. ನಾನು ‘ಬಿಸಿನೀರಿಗೆ ತಕ್ಕಷ್ಟು ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಿ’ ಎಂದು ಅರ್ಧ ಸಾಲು ತುಂಬಿಸಿದೆ. ನಮ್ಮ ಮನೆಯಲ್ಲಿ ‘ನೀರು ಹದ ಮಾಡು’ ಎನ್ನುತ್ತಾರೆ, ಅದು ಸಾಕೆಂದೇ ನನಗೂ ಅನಿಸುತ್ತದೆ. ಆದರೆ ಹದ ಮಾಡುವುದು ಚರ್ಮಕ್ಕೂ ಉಂಟು, ಮಣ್ಣಿಗೂ ಉಂಟು, ಬೆಲ್ಲದ ಪಾಕಕ್ಕೂ ಉಂಟು. ನೀರಿಗೆಂದೇ ಮೀಸಲಾದ ಒಂದು ಕ್ರಿಯಾಪದ ಕನ್ನಡದ ಯಾವುದಾದರೂ ಸೀಮೆಯಲ್ಲಿ ಬಳಕೆಯಲ್ಲಿದೆಯೇ? ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಮಡಕಶಿರಾ ಕಡೆಯವರು ತಮ್ಮ ಮನೆಯ ಅಜ್ಜಿಯರನ್ನು ಕೇಳಿ ಬರೆದರೆ ಉಪಕಾರ. ನಿಘಂಟಿನಲ್ಲಿ ಹುಡುಕಿಕೊಡಿ ಎನ್ನುತ್ತಿಲ್ಲ, ಬಾಯಲ್ಲಿರುವುದು ಬೇಕು.

ಹದ ಎಂಬ ಮಾತಿಗೆ ಇನ್ನೊಂದು ತಕರಾರು ಇದೆ, ಇದು ನಕ್ಷೆಯವನ ತಕರಾರು. ಹಿಡಿಯ ನಡುಜಾಗದಲ್ಲಿ ‘ಹದ’ ಎಂದು ಕೆತ್ತೋಣ, ಅಂದವೂ ಆಗುತ್ತದೆ ಎಂದು ಮಾರಾಟದವರು ಹಿಂದೆ ಬಿದ್ದಿದ್ದಾರೆ. ಕೆತ್ತಿದರೆ ಸುಳ್ಳಾಗುತ್ತದೆ. ಗೀಸರಿನ ನೀರು 60 ಡಿಗ್ರಿ, ಟ್ಯಾಂಕಿನ ನೀರು 24 ಡಿಗ್ರಿ ಎಂದಿಟ್ಟುಕೊಳ್ಳಿ. ಮೈಗೆ ಹಿತವಾದ 38 ಬೇಕಾದರೆ ನೂರಕ್ಕೆ 39 ಪಾಲು ಬಿಸಿನೀರು ಸಾಕು. ಚಳಿಯಲ್ಲಿ ಬೆಳಗಿನ ಜಾವ ಟ್ಯಾಂಕಿನ ನೀರು 18ಕ್ಕೆ ಇಳಿದರೆ ಅದೇ 38ಕ್ಕೆ 48 ಪಾಲು ಬೇಕು. ಗೀಸರ್ ಖಾಲಿಯಾಗುತ್ತ ಬಂದಂತೆ ಲೆಕ್ಕ ಮತ್ತೆ ಬದಲು. ಸಾದಾ ಮಿಕ್ಸರಿಗೆ ಪಾಲು ಮಾತ್ರ ಗೊತ್ತು, ಕಾವು ಗೊತ್ತಿಲ್ಲ. ಕಾವು ಗೊತ್ತಿರುವುದು ಥರ್ಮೋಸ್ಟಾಟ್ ಇರುವ ನಲ್ಲಿಗೆ: ಅದರೊಳಗೆ ಮೇಣ ತುಂಬಿದ ಪುಟ್ಟ ಕೊಳವೆ ಇರುತ್ತದೆ, ನೀರು ಬಿಸಿಯಾದರೆ ಮೇಣ ಹಿಗ್ಗಿ ಬಿಸಿಯ ದಾರಿಯನ್ನು ಕಿರಿದು ಮಾಡುತ್ತದೆ. ತಣ್ಣೀರು ಇದ್ದಕ್ಕಿದ್ದಂತೆ ನಿಂತರೆ ಬಿಸಿಯನ್ನೂ ನಿಲ್ಲಿಸುತ್ತದೆ. ಅವುಗಳ ಹಿಡಿ 38ರ ಹತ್ತಿರ ತಡೆದು ನಿಲ್ಲುತ್ತದೆ, ದಾಟಬೇಕಾದರೆ ಗುಂಡಿ ಒತ್ತಬೇಕು. ಅಲ್ಲಿ ‘ಹದ’ ಎಂದು ಕೆತ್ತಿದರೆ ನಾನೇ ಚಪ್ಪಾಳೆ ತಟ್ಟುತ್ತೇನೆ. ನಮ್ಮ ಸಾಮಾನಿನ ಬೆಲೆಗೆ ಅದು ಎಟುಕುವುದಿಲ್ಲ. ನಮ್ಮದರಲ್ಲಿ ಇರುವುದು ಹಿಡಿ ಪೂರ್ತಿ ಎಡಕ್ಕೆ ಹೋಗದಂತೆ ತಡೆಯುವ ಒಂದು ಪ್ಲಾಸ್ಟಿಕ್ ಉಂಗುರ. ‘ತಡೆ ಉಂಗುರ’ ಎಂದು ಬರೆದಿದ್ದೇನೆ, ಯಾರಿಗಾದರೂ ಆಕ್ಷೇಪವಿದೆಯೇ?

ಎಚ್ಚರಿಕೆಯ ಸಾಲಿನಲ್ಲಿ ‘ಬಿಸಿ ಇರುತ್ತದೆ, ಜೋಪಾನ’ ಎಂದು ಯಾರೋ ತಿದ್ದಿದ್ದರು. ನಾನು ‘ಸುಡುತ್ತದೆ’ ಎಂದು ಮತ್ತೆ ಹಾಕಿದೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡಿನಲ್ಲಿ ಸುಟ್ಟುಬಿಡುತ್ತದೆ, ಮಗುವಿಗೆ ಅಷ್ಟೂ ಬೇಡ. ಕಾವಿನ ಮೆಟ್ಟಿಲುಗಳಿಗೆ ಕನ್ನಡದಲ್ಲಿ ಬಡತನವಿಲ್ಲ: ಕೊರೆಯುವ ನೀರು, ತಣ್ಣೀರು, ಉಗುರುಬೆಚ್ಚಗಿನ ನೀರು, ಬೆಚ್ಚನೆಯ ನೀರು, ಬಿಸಿನೀರು, ಸುಡುವ ನೀರು, ಮರಳುವ ಎಸರು. ಮೀಯುವ ನೀರಿಗೆ ‘ಉಗುರುಬೆಚ್ಚಗೆ’ ಎಂದು ಹಲವು ಹಾಳೆಗಳಲ್ಲಿ ಅಚ್ಚಾಗಿರುವುದನ್ನು ಕಂಡಿದ್ದೇನೆ. ಅದು ಹಾಲಿಗೆ ಹೆಪ್ಪು ಹಾಕುವಾಗ ಆಡುವ ಮಾತು. ಬಾಣಂತಿ ಕೂಸಿಗೆ ಎರೆಯುವಾಕೆ ಮೊಣಕೈ ಅದ್ದಿ ನೋಡಿ ಒಪ್ಪುವ ಕಾವಿಗೆ ‘ಬೆಚ್ಚಗೆ’ ಎಂಬುದೇ ನನಗೆ ಹಿಡಿಸುತ್ತದೆ.

ತಣ್ಣೀರಿನ ವಿಷಯದಲ್ಲಿ ಗಡಿಯವರಿಗೇ ಇರುವ ಒಂದು ತಾಪತ್ರಯ ಹೇಳಬೇಕು. ತಮಿಳಿನಲ್ಲಿ ‘ತಣ್ಣೀರ್’, ಆಡುಮಾತಿನ ‘ತಣ್ಣಿ’, ಬರೀ ನೀರು ಎಂಬಷ್ಟಕ್ಕೆ ಬಂದು ನಿಂತಿದೆ. ಅದಕ್ಕೇ ಅವರು ‘ಸುಡುತಣ್ಣಿ’ ಎಂದು ಅಳುಕಿಲ್ಲದೆ ಹೇಳುತ್ತಾರೆ, ಕಾಯಿಸದ ನೀರನ್ನು ‘ಪಚ್ಚೈ ತಣ್ಣಿ’ ಎನ್ನುತ್ತಾರೆ. ಕನ್ನಡದ ತಣ್ಣೀರು ಇನ್ನೂ ತಣ್ಣಗೇ ಇದೆ. ಹಳಗನ್ನಡದಲ್ಲಿ ಅದಕ್ಕೆ ‘ಬೆನ್ನೀರ್’ ಎಂಬ ಜೋಡಿಯೂ ಇತ್ತು, ತಮಿಳಿನ ವೆನ್ನೀರಿನ ಒಡಹುಟ್ಟು. ಅದನ್ನು ಎಬ್ಬಿಸಿ ತನ್ನಿ ಎಂದು ನಾನು ಹೇಳುವುದಿಲ್ಲ, ‘ಬಿಸಿನೀರು’ ಯಾರಿಗೂ ಸಾಲದೆ ಬಂದಿಲ್ಲ. ಆದರೆ ಮೂರು ಭಾಷೆಯ ಹಾಳೆಯಲ್ಲಿ ಒಂದೇ ಚಿತ್ರದ ಕೆಳಗೆ ತಮಿಳಿನ ತಣ್ಣೀರ್, ಕನ್ನಡದ ತಣ್ಣೀರು ಬೇರೆ ಬೇರೆ ಕೊಳವೆಗೆ ಬಾಣ ಹಾಕಿಸಿಕೊಂಡು ಕೂತರೆ ಪ್ಲಂಬರ್ ತಲೆ ಕೆಡಿಸಿಕೊಳ್ಳದೆ ಏನು ಮಾಡಿಯಾನು. ಕೊನೆಗೆ ನೀಲಿ ಬೊಟ್ಟು, ಕೆಂಪು ಬೊಟ್ಟು ಇಟ್ಟು, ‘ಗೋಡೆಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಬಿಸಿ’ ಎಂದು ಬರೆದೆವು. ಅಕ್ಷರ ಕೆತ್ತುವುದಂತೂ ಬೇಡವೇ ಬೇಡ. ಫ್ರಾನ್ಸ್, ಇಟಲಿಯ ನಲ್ಲಿಗಳಲ್ಲಿ ‘ಸಿ’ ಎಂದರೆ ಬಿಸಿ, ಇಂಗ್ಲಿಷಿನ ‘ಸಿ’ ತಣ್ಣಗೆ.

ಇನ್ನೆರಡು ಸಣ್ಣ ಪದಗಳು. ಸೋಲಾರಿನ ಬಿಸಿನೀರು ಮಾಳಿಗೆಯಿಂದ ಮೆಲ್ಲಗೆ ಇಳಿಯುವಾಗ, ತಣ್ಣೀರು ಪಂಪಿನ ಒತ್ತಡದಲ್ಲಿ ಬಂದರೆ ಮಿಕ್ಸರಿನೊಳಗೇ ಅದು ಬಿಸಿಯ ಕೊಳವೆಗೆ ಹಿಂದಕ್ಕೆ ನುಗ್ಗುತ್ತದೆ. ಟ್ಯಾಂಕು ಮೂರು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ 0.3 ಬಾರ್ ಅಷ್ಟೇ, ಎದುರು ನಿಲ್ಲುವ ತಾಕತ್ತು ಅದಕ್ಕಿಲ್ಲ. ಇದನ್ನು ತಡೆಯಲು ಹಾಕುವುದನ್ನು ಪ್ಲಂಬರುಗಳು ‘ಎನ್‌ಆರ್‌ವಿ’ ಎನ್ನುತ್ತಾರೆ, ಅಂದರೆ ನಾನ್ ರಿಟರ್ನ್ ವಾಲ್ವ್. ‘ಏಕಮುಖ ಕವಾಟ’ ಶಾಲೆಯ ಪುಸ್ತಕದಲ್ಲಿ ಹೃದಯದ ಪಾಠಕ್ಕೆ ಚೆಂದ, ಅಂಗಡಿಯಲ್ಲಿ ನಡೆಯದು. ‘ಎನ್‌ಆರ್‌ವಿ ವಾಲು’ ಎಂದೇ ಬಿಡುತ್ತಿದ್ದೇನೆ. ಎರಡನೆಯದು ‘ಗಡಸು ನೀರು’. ಬೋರಿನ ನೀರಿಗೆ ನಮ್ಮಲ್ಲಿ ‘ಉಪ್ಪು ನೀರು’ ಎಂದೇ ಹೆಸರು, ಮೂತಿಯ ಜಾಲರಿಯಲ್ಲಿ ಬಿಳಿ ಕಟ್ಟಿದರೆ ‘ಉಪ್ಪು ಕಟ್ಟಿದೆ’ ಎನ್ನುತ್ತಾರೆ. ಆ ಬಿಳಿ ಉಪ್ಪಲ್ಲ, ಸುಣ್ಣದ ಜಾತಿಯದು ಎಂದು ಹಾಳೆಯಲ್ಲಿ ಪಾಠ ಹೇಳಲು ಜಾಗವಿಲ್ಲ. ‘ಉಪ್ಪು ಕಟ್ಟಿದರೆ ಜಾಲರಿ ಬಿಚ್ಚಿ ವಿನಿಗರಿನಲ್ಲಿ ನೆನೆಸಿ’ ಎಂದು ಬರೆದರೆ ಧಾರವಾಡ, ಬೆಳಗಾವಿಯವರು ಏನೆಂದು ಓದಿಕೊಳ್ಳುತ್ತಾರೆ?

ಹಿಡಿಗೆ ‘ಹಿಡಿ’ ಎಂದೇ ಇಟ್ಟಿದ್ದೇನೆ. ‘ಕೈ’, ‘ಕಿವಿ’, ‘ಚಾವಿ’ ಎನ್ನುವವರು ಯಾವ ಊರಿನವರು ಎಂದು ತಿಳಿಸಿ. ಹಾಳೆ ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ, ಬಚ್ಚಲ ಕ್ರಿಯಾಪದ ಸಿಕ್ಕರೆ ಆ ಸಾಲನ್ನು ಆಗಲೂ ಬದಲಿಸಬಹುದು.