7 ದಿನದ ಹಂದಿಮರಿ ಕರುಳಲ್ಲಿ ಸಿಡಿ8 ಕೋಶ ಸಿಗ್ತಿಲ್ಲ: ವಿಧಾನದ ದೋಷವಾ, ವಯಸ್ಸಿನದ್ದಾ?

ಪ್ರಶ್ನೆ:
ಯಾರ್ಕ್‌ಶೈರ್ ತಳಿಯ ಹಂದಿಮರಿಗಳ ಜೆಜುನಂನಿಂದ (ಸಣ್ಣ ಕರುಳಿನ ನಡುಭಾಗ) ಲಿಂಫೋಸೈಟ್ (ರೋಗನಿರೋಧಕ ಬಿಳಿ ರಕ್ತಕಣ) ಬೇರ್ಪಡಿಸುವ ಕೆಲಸ. ವಯಸ್ಸು 7, 21, 49 ದಿನ. 28ಕ್ಕೆ ಹಾಲು ಬಿಡಿಸ್ತೀವಿ. ಮೊದಲು ಇಡಿಟಿಎ (ಮೇಲ್ಪದರದ ಕೋಶ ಬಿಡಿಸೋಕೆ), ಆಮೇಲೆ ಕೊಲಾಜಿನೇಸ್ (ಅಂಗಾಂಶ ಕರಗಿಸೋ ಕಿಣ್ವ), ಕೊನೆಗೆ ಪರ್ಕಾಲ್ (ಸಾಂದ್ರತೆ ಮೇಲೆ ಕೋಶ ಬೇರ್ಪಡಿಸೋ ದ್ರಾವಣ). 49 ದಿನದ್ದರಲ್ಲಿ ಎಲ್ಲ ಸರಿಯಾಗಿ ಬರುತ್ತೆ. 7 ದಿನದ್ದರಲ್ಲಿ ಒಟ್ಟು ಕೋಶಗಳೇ ಕಮ್ಮಿ, ಎಪಿಥೀಲಿಯಂ (ಕರುಳಿನ ಒಳಮೇಲ್ಪದರ) ಭಾಗದಲ್ಲಿ ಸಿಡಿ8 ಗುರುತಿರುವ ಟಿ ಕೋಶ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕೊಲಾಜಿನೇಸ್ ಜಾಸ್ತಿ ಮಾಡಲಾ?

ಉತ್ತರ 1:
ಬೇಡ. ಅದು ಬಹುಪಾಲು ವಯಸ್ಸಿನದ್ದೇ. ಹುಟ್ಟಿದ ಮರಿಯ ಲ್ಯಾಮಿನಾ ಪ್ರೊಪ್ರಿಯಾದಲ್ಲಿ (ಎಪಿಥೀಲಿಯಂ ಕೆಳಗಿನ ಪದರ) ಲಿಂಫೋಸೈಟ್ ತೀರಾ ವಿರಳ. ಮೊದಲ ಎರಡು ವಾರ ಬಂದು ಸೇರುವ ಟಿ ಕೋಶಗಳಲ್ಲಿ ಹೆಚ್ಚಿನವು ಸಿಡಿ2 ಗುರುತು ಇದ್ದೂ ಸಿಡಿ4 (ಸಹಾಯಕ ಟಿ ಕೋಶದ ಗುರುತು), ಸಿಡಿ8 ಎರಡೂ ಇಲ್ಲದವು. 2ರಿಂದ 4 ವಾರದೊಳಗೆ ಸಿಡಿ4 ಕೋಶಗಳು ಲ್ಯಾಮಿನಾ ಪ್ರೊಪ್ರಿಯಾದಲ್ಲಿ ನೆಲೆಯೂರುತ್ತವೆ. ಎಪಿಥೀಲಿಯಂನಲ್ಲಿ ಸಿಡಿ8 ಗಣನೀಯವಾಗಿ ಕಾಣೋದು 5ನೇ ವಾರದ ನಂತರ, ದೊಡ್ಡ ಹಂದಿಯ ವಿನ್ಯಾಸ ಬರೋದು ಸುಮಾರು 7ನೇ ವಾರಕ್ಕೆ. ನಿಮ್ಮ 49 ದಿನ ಸರಿಯಾಗಿ ಅಲ್ಲಿಗೇ ಬೀಳುತ್ತೆ. ಪ್ರತಿಕಾಯ ಮಾಡುವ ಬಿ ಕೋಶ ನೋಡ್ತಿದ್ರೆ, ಮೊದಲ ನಾಲ್ಕು ವಾರ ಐಜಿಎಂ ಬಗೆಯ ಪ್ರತಿಕಾಯ ಮುಂದಿರುತ್ತೆ, ಐಜಿಎ ಬಗೆ ಆಮೇಲೆ. ಅಲ್ಲಿವರೆಗೆ ಕರುಳಿನೊಳಗಿನ ಐಜಿಎ ಮುಖ್ಯವಾಗಿ ತಾಯಿ ಹಾಲಿನದ್ದು.

ಇನ್ನೊಂದು: ಸಿಡಿ8ಗೆ ಆಲ್ಫಾ, ಬೀಟಾ ಅಂತ ಎರಡು ಸರಪಳಿ; ಆಲ್ಫಾ ಹಿಡಿಯೋ ಪ್ರತಿಕಾಯ ಒಂದನ್ನೇ ನಂಬಬೇಡಿ. ಹಂದಿಯಲ್ಲಿ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶ, ಕೆಲವು ಗಾಮಾ-ಡೆಲ್ಟಾ ಟಿ ಕೋಶ, ಸಿಡಿ4 ಮೆಮೊರಿ ಕೋಶಗಳೂ ಆಲ್ಫಾ ತೋರಿಸುತ್ತವೆ. ಸೈಟೊಟಾಕ್ಸಿಕ್ (ಸೋಂಕಿತ ಕೋಶ ಕೊಲ್ಲುವ) ಟಿ ಕೋಶ ಎಣಿಸಬೇಕಂದ್ರೆ ಸಿಡಿ8 ಬೀಟಾ ಪ್ರತಿಕಾಯ ಹಾಕಿ.

ಉತ್ತರ 2:
ವಯಸ್ಸು ಅಂತ ತೀರ್ಮಾನಿಸೋ ಮುಂಚೆ ವಿಧಾನವನ್ನೂ ಒರೆಗೆ ಹಚ್ಚಿ. ಇಡಿಟಿಎ 5 ಮಿಲಿಮೋಲಾರ್, ಡಿಟಿಟಿ (ಲೋಳೆ ಸಡಿಲಿಸೋ ರಾಸಾಯನಿಕ) 1 ಮಿಲಿಮೋಲಾರ್, 37 ಡಿಗ್ರಿಯಲ್ಲಿ 20 ನಿಮಿಷ ಅಲುಗಾಡಿಸಿ. ದ್ರಾವಣ ತಿಳಿಯಾಗೋವರೆಗೆ ಎರಡು ಮೂರು ಸುತ್ತು. ಆಮೇಲೆ ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಎರಡು ಸಲ ತೊಳೀಲೇಬೇಕು. ಉಳಿದ ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡರೆ ಕೊಲಾಜಿನೇಸ್ ಕೆಲಸವೇ ಮಾಡಲ್ಲ, ನೀವು ಕಿಣ್ವ ಸಾಲದು ಅಂದ್ಕೊಂಡು ಇನ್ನಷ್ಟು ಸುರೀತೀರಿ. ಅಗ್ಗದ ಕೊಲಾಜಿನೇಸ್‌ನಲ್ಲಿ ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸೋ ಕಿಣ್ವ) ಬೆರೆತಿರುತ್ತೆ, ಕೋಶದ ಮೇಲಿನ ಗುರುತುಗಳನ್ನೇ ಕತ್ತರಿಸಬಹುದು. ಪರೀಕ್ಷೆ ಸುಲಭ: ಅದೇ ಮರಿಯ ರಕ್ತದ ಲಿಂಫೋಸೈಟ್‌ಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಅಷ್ಟೇ ಹೊತ್ತು ಕಿಣ್ವ ಕೊಟ್ಟು, ಎರಡಕ್ಕೂ ಸಿಡಿ8 ಬಣ್ಣ ಹಾಕಿ. ಕಿಣ್ವದ ಪಾಲಿನಲ್ಲಿ ಹೊಳಪು ಇಳಿದರೆ ದೋಷ ಅಲ್ಲೇ. ಮಾದರಿ ಲೋಳೆ ಲೋಳೆಯಾಗಿ ಅಂಟಿಕೊಂಡರೆ ಡಿಎನ್ಏಸ್ (ಸತ್ತ ಕೋಶಗಳ ಡಿಎನ್ಎ ಕತ್ತರಿಸೋ ಕಿಣ್ವ) ಸೇರಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಇಲಿಯಂನಿಂದ (ಸಣ್ಣ ಕರುಳಿನ ಕೊನೆಭಾಗ) ತಗೊಂಡರೆ ಕೋಶ ಜಾಸ್ತಿ ಸಿಗಲ್ವಾ?

ಉತ್ತರ 1:
ಸಿಗುತ್ತೆ, ಆದ್ರೆ ನಿಮಗೆ ಬೇಕಾದ್ದಲ್ಲ. ಹಂದಿಯ ಇಲಿಯಂ ಕೊನೆಯಲ್ಲಿ ಒಂದೇ ಉದ್ದನೆಯ ಪೇಯರ್ಸ್ ಪ್ಯಾಚ್ (ಲಿಂಫೋಸೈಟ್ ಗುಂಪುಗೂಡಿದ ಅಂಗಾಂಶ) ಪಟ್ಟಿಯಂತೆ ಹಬ್ಬಿರುತ್ತೆ, ತುಂಬ ಬಿ ಕೋಶ. ಜೆಜುನಂನಲ್ಲಿ ಬಿಡಿಬಿಡಿ ಪ್ಯಾಚ್‌ಗಳು. ಕರುಳನ್ನು ಸೀಳಿ ಬೆಳಕಿಗೆ ಹಿಡಿದ್ರೆ ಗೊತ್ತಾಗ್ತವೆ, ಕತ್ತರಿಸಿ ಬದಿಗಿಟ್ಟು ನಡುವಿನ ಭಾಗ ಮಾತ್ರ ಬಳಸಿ. ಎಳೆ ಮರಿಯಲ್ಲಿ ಪ್ಯಾಚ್ ತೆಗೆಯದಿದ್ದರೆ ಲ್ಯಾಮಿನಾ ಪ್ರೊಪ್ರಿಯಾದ ಲೆಕ್ಕ ಪೂರ್ತಿ ಕೆಡುತ್ತೆ, ಯಾಕಂದ್ರೆ ಅಲ್ಲಿನ ಕೋಶ ಮೊದಲೇ ಕಮ್ಮಿ.

ಉತ್ತರ 3:
ಯೋಜನೆಯಲ್ಲೇ ಒಂದು ತೊಡಕಿದೆ. 28ಕ್ಕೆ ಹಾಲು ಬಿಡಿಸಿದ್ರೆ 49ರಲ್ಲಿ ಕಾಣೋ ಬದಲಾವಣೆ ವಯಸ್ಸಿನದ್ದೋ ಆಹಾರದ್ದೋ ಹೇಳೋಕಾಗಲ್ಲ. ಒಂದೇ ಸೂಲಿನ ಕೆಲವು ಮರಿಗಳನ್ನು ತಾಯಿ ಜೊತೆಗೇ ಬಿಡಿ. ಹಾಲು ಬಿಡಿಸಿದ ಮೊದಲ ವಾರದಲ್ಲಿ ವಿಲ್ಲೈ (ಕರುಳಿನ ಒಳಗಿನ ಬೆರಳಿನಂಥ ಚಾಚುಗಳು) ಗಿಡ್ಡವಾಗುತ್ತವೆ, ಆಗ ಗ್ರಾಂ ಅಂಗಾಂಶಕ್ಕೆ ಇಷ್ಟು ಕೋಶ ಅನ್ನೋ ಲೆಕ್ಕ ದಾರಿ ತಪ್ಪಿಸುತ್ತೆ. ಪಕ್ಕದ ತುಂಡೊಂದನ್ನು ಹೆಪ್ಪುಗಟ್ಟಿಸಿ ಸೆಕ್ಷನ್ (ಸೂಕ್ಷ್ಮದರ್ಶಕಕ್ಕೆ ತೆಳು ಪದರ) ತೆಗೆದಿಟ್ಟುಕೊಳ್ಳಿ. ಪ್ರತಿ ಸೂಲಿನಿಂದ ಎಲ್ಲ ವಯಸ್ಸಿನ ಮರಿಯೂ ಇರಲಿ, ಗಿಣ್ಣುಹಾಲು ಸರಿಯಾಗಿ ಕುಡಿಯದ ಮರಿ ಬೇಡ.