‘ಆಫೆನ್ಸಿವ್ ಲೈನ್‌ಮನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಆರ್ಲಾಂಡೊ ಪೇಸ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ‘ಈತ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆಫೆನ್ಸಿವ್ ಲೈನ್‌ಮನ್’ ಎಂದು ಅಪ್ಪನಿಗೆ ಓದಿ ಹೇಳಿದೆ. ‘ಕರೆಂಟ್ ಕಂಬ ಹತ್ತೋ ಕೆಲಸ ಮಾಡ್ಕೊಂಡು ಆಡ್ತಿದ್ನಾ?’ ಅಂದರು. ಅವರ ತಪ್ಪಲ್ಲ. ನಮ್ಮ ಕಡೆ ಲೈನ್‌ಮನ್ ಅಂದರೆ ಅದೇ ಅಲ್ವಾ?

‘ದಾಳಿ ಸಾಲಿನ ಆಟಗಾರ’ ಎಂದು ಬದಲಿಸಿದೆ. ಅದು ಇನ್ನೂ ತಪ್ಪು. ಚೆಂಡು ತನ್ನ ತಂಡದ ಕೈಲಿದ್ದಾಗ ಆಡುವವನು, ಅದಕ್ಕೇ ಇಂಗ್ಲಿಷಿನಲ್ಲಿ ಆ ಹೆಸರು. ಕೆಲಸವೇನೋ ತಡೆಯೋದು. ನಡುವೆ ಒಬ್ಬ ಸೆಂಟರ್, ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಈ ಐವರು ಮೈಯೊಡ್ಡಿ ನಿಂತರೇನೇ ಹಿಂದೆ ನಿಂತು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಅದನ್ನು ಎಸೆಯಲು ಎರಡು-ಮೂರು ಸೆಕೆಂಡ್ ಸಿಗುತ್ತದೆ. ‘ಟ್ಯಾಕಲ್’ ಕೂಡ ದಾರಿ ತಪ್ಪಿಸುವ ಪದ. ಕಬಡ್ಡಿ ನೋಡುವವರಿಗೆ ಟ್ಯಾಕಲ್ ಅಂದರೆ ಹಿಡಿದು ಕೆಡವೋದು. ಇವನು ಎದುರಾಳಿಯನ್ನು ಹಿಡಿದುಕೊಂಡರೆ ತಂಡಕ್ಕೆ 10 ಗಜ ದಂಡ!

ನನಗೆ ಹೊಳೆದದ್ದು ‘ಒಡ್ಡಾಳು’. ಎದೆಯೊಡ್ಡು, ಮೈಯೊಡ್ಡು ಅಂತೀವಲ್ಲ, ಅದೇ ಒಡ್ಡು. ಹೊಲದಲ್ಲಿ ನೀರು ತಡೆಯುವುದೂ ಒಡ್ಡು. ಹಳಗನ್ನಡದಲ್ಲಿ ಸೇನೆ ಸಾಲುಗಟ್ಟಿ ನಿಲ್ಲುವುದಕ್ಕೂ ಇದೇ ಮಾತಿದೆ.

ಪೇಸ್ ನಿಲ್ಲುತ್ತಿದ್ದದ್ದು ಎಡತುದಿಯಲ್ಲಿ. ಬಲಗೈಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಆ ಕಡೆಯಿಂದ ನುಗ್ಗಿ ಬರುವವರು ಕಾಣೋದಿಲ್ಲ. ಬೆನ್ನು ಕಾಯುವ ಈ ಜಾಗಕ್ಕೆ ‘ಬೆಂಗಾವಲು’ ಎಷ್ಟು ಸರಿಹೊಂದುತ್ತದೆ ನೋಡಿ. ಇಂಥ ಒಳ್ಳೆಯ ಪದ ಈಗ ಜಾಸ್ತಿ ಕೇಳಿಸೋದು ಮಂತ್ರಿಗಳ ಕಾರಿನ ಹಿಂದಿನ ಪೊಲೀಸ್ ಜೀಪಿನ ವಿಷಯದಲ್ಲಿ ಅನ್ನೋದು ನನಗೆ ಬೇಸರ.

ಇನ್ನೊಂದು ಪದ ‘ಪ್ಯಾನ್‌ಕೇಕ್’. ಅದು ದೋಸೆಯಂಥ ಒಂದು ತಿಂಡಿ. ಆಟದಲ್ಲಿ ಅಂದರೆ ಎದುರಾಳಿಯನ್ನು ಬೆನ್ನು ನೆಲಕ್ಕೆ ತಾಗುವ ಹಾಗೆ ಉರುಳಿಸೋದು. ಇದು ಪೇಸ್ ಹೆಸರಿಗೆ ಅಂಟಿಕೊಂಡೇ ಬಿಟ್ಟಿದೆ. 1996ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಗಾಗಿ ಅವನ ಪರ ಪ್ರಚಾರ ಮಾಡಲು ವಿಶ್ವವಿದ್ಯಾಲಯದವರು ಪ್ಯಾನ್‌ಕೇಕ್ ಆಕಾರದ ಮ್ಯಾಗ್ನೆಟ್ ಹಂಚಿದ್ದರು. ಚೆಂಡನ್ನೇ ಮುಟ್ಟದ ಆಟಗಾರ ಆ ಮತದಾನದಲ್ಲಿ ನಾಲ್ಕನೆಯವನಾದ! 1995 ಮತ್ತು 1996ರಲ್ಲಿ ಕಾಲೇಜು ಆಟಗಾರರಿಗೇ ಕೊಡುವ ಲೊಂಬಾರ್ಡಿ ಪ್ರಶಸ್ತಿ ಗೆದ್ದ. ಅದನ್ನು ಎರಡು ಸಲ ಗೆದ್ದ ಮೊದಲಿಗ ಅವನೇ. ವೃತ್ತಿಪರ ತಂಡಗಳ ಲೀಗ್ ಆದ ಎನ್‌ಎಫ್‌ಎಲ್‌ನವರು 1997ರಲ್ಲಿ ನಡೆಸಿದ ಹೊಸ ಆಟಗಾರರ ಆಯ್ಕೆಯಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಎಲ್ಲರಿಗಿಂತ ಮೊದಲು ಅವನನ್ನೇ ಆರಿಸಿತು.

ಪ್ಯಾನ್‌ಕೇಕ್ ಮಾಡಿದ ಅನ್ನೋದಕ್ಕೆ ‘ದೋಸೆ ಹೊಯ್ದ’ ಅನ್ನು ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಗರಡಿ ಮನೆಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದರೆ ‘ಚಿತ್’ ಅಂತೀವಿ. ಸಿದ್ಧವಾಗಿರುವ ಪದ ಬಿಟ್ಟು ಸುಮ್ನೆ ಅಡುಗೆಮನೆಗೆ ಯಾಕೆ ಹೋಗಬೇಕು?

ಒಡ್ಡಾಳು ನಿಮ್ಮ ಕಿವಿಗೆ ಹೇಗಿದೆ? ಒಡ್ಡರ ಸಮುದಾಯದ ಹೆಸರಿನ ಜೊತೆ ಗೊಂದಲ ಆಗುತ್ತದಾ? ಹಾಗಿದ್ದರೆ ‘ತಡೆಯಾಳು’ ಅನ್ನಬಹುದಾ? ನಿಮ್ಮೂರಿನ ಕುಸ್ತಿ, ಕಬಡ್ಡಿಯವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದ್ದರೆ ದಯವಿಟ್ಟು ತಿಳಿಸಿ.