ಸಹಾಯ ಬೇಕು: ನಾಟಕ, ಸಂಗೀತದ ಜಾಗಕ್ಕೆ ಚೆಂದದ ಕಾಮನ್ ಟಾಯ್ಲೆಟ್

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಹಳೆಯ ಹೆಂಚಿನ ಗೋದಾಮನ್ನು ನಾಟಕ, ಸಂಗೀತ, ಚಿತ್ರ ಪ್ರದರ್ಶನಗಳಿಗೆ ಸಜ್ಜು ಮಾಡುತ್ತಿದ್ದೇವೆ. ಸುಮಾರು 150 ಜನ ಕೂರಬಹುದು. ವೇದಿಕೆ, ಲೈಟಿಂಗ್ ತೀರ್ಮಾನ ಆಗಿದೆ. ಟಾಯ್ಲೆಟ್ ಬಗ್ಗೆ ನಿಮ್ಮ ಸಲಹೆ ಬೇಕು.

ಇಂಟರ್ವಲ್ಲಿನಲ್ಲಿ ಹೆಂಗಸರ ಕಡೆ ಮಾತ್ರ ಉದ್ದ ಕ್ಯೂ ಇರುತ್ತದೆ, ಅಲ್ವಾ? ಬೆಲ್ ಹೊಡೆದರೂ ಅರ್ಧ ಜನ ಇನ್ನೂ ಅಲ್ಲೇ ನಿಂತಿರುತ್ತಾರೆ. ಇದು ನಮ್ಮಲ್ಲಿ ಆಗಬಾರದು. ಅದಕ್ಕೇ ನಡುವೆ ಎಲ್ಲರಿಗೂ ಒಂದೇ ಉದ್ದನೆಯ ಕೈ ತೊಳೆಯುವ ಕಟ್ಟೆ, ಸುತ್ತ ನೆಲದಿಂದ ಮೇಲಿನವರೆಗೂ ಗೋಡೆಯಿರುವ, ಗಂಡಸರು ಹೆಂಗಸರು ಯಾರು ಬೇಕಾದರೂ ಬಳಸಬಹುದಾದ ಬಿಡಿ ಟಾಯ್ಲೆಟ್‌ಗಳು ಅಂತ ಯೋಚಿಸಿದ್ದೇವೆ. ಗಾಲಿಕುರ್ಚಿಯವರಿಗೆ 900 ಮಿ.ಮೀ. ಬಾಗಿಲು, ತಿರುಗಲು 1500 ಮಿ.ಮೀ. ಜಾಗ ಬಿಡುತ್ತೇವೆ. ಅದರಲ್ಲಿ ರಾಜಿ ಇಲ್ಲ.

ಗೋಡೆಗೆ ಆತಂಗುಡಿ ಟೈಲ್ಸ್ (ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕೈಯಿಂದ ಮಾಡುವ ಬಣ್ಣದ ಟೈಲ್ಸ್), ಕಟ್ಟೆಗೆ ರೆಡ್ ಆಕ್ಸೈಡ್ ಹಾಕುವ ಆಸೆ. ಆತಂಗುಡಿ ಬಣ್ಣಗಳು ಸಂಜೆ ದೀಪದಲ್ಲಿ ತುಂಬಾ ಚೆನ್ನಾಗಿ ಕಾಣುತ್ತವೆ. ಆದರೆ ಎರಡೂ ಸಿಮೆಂಟಿನವು. ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಮೇಲ್ಮೈ ಹಾಳಾಗುತ್ತದೆ. ಹೀಗಾಗಿ ಒಳಗೆ ಕಮೋಡ್ ಸುತ್ತ ಸಾದಾ ಸೆರಾಮಿಕ್, ನೆಲಕ್ಕೆ ಒರಟು ಗ್ರಾನೈಟ್ ಸಾಕು ಅನ್ನಿಸುತ್ತದೆ.

ಯಾರಾದರೂ ಇಂಥದ್ದು ಕಟ್ಟಿದ್ದೀರಾ? ಗಂಡಸರ ಜೊತೆ ಒಂದೇ ಜಾಗ ಹಂಚಿಕೊಳ್ಳಲು ಹೆಂಗಸರಿಗೆ ಮುಜುಗರ ಆಗುತ್ತಾ? ಅಕ್ಕಂದಿರು ದಯವಿಟ್ಟು ನೇರವಾಗಿ ಹೇಳಿ. ಬೇಡ ಅಂದರೆ ಪ್ಲಾನ್ ಬದಲಿಸುತ್ತೇವೆ. ಪಾಲಿಕೆ ಅನುಮತಿಗೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ತೋರಿಸಲೇಬೇಕಾ? ರೆಡ್ ಆಕ್ಸೈಡ್ ಚೆನ್ನಾಗಿ ಉಜ್ಜುವ ಗಾರೆ ಮೇಸ್ತ್ರಿ ಮೈಸೂರು ಕಡೆ ಗೊತ್ತಿದ್ದರೆ ಮೆಸೇಜ್ ಮಾಡಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.